ಬಾಯಿ ಐತಿಲ್ಲ, ಕೇಳ್ಕೋಂತ ಹೋಗವಾ

(ವಿಜಯಪುರದ ಓದುಗರ ಬಳಗವೊಂದರ ಭಾನುವಾರದ ಕೂಟದಲ್ಲಿ ಆಡಿದ ಮಾತು. ಧ್ವನಿಮುದ್ರಣದಿಂದ ಬರೆದುಕೊಂಡು ತಿದ್ದಿದ್ದು.)

2023ರ ನವೆಂಬರ್. ಸಂಜೆ ಹೊತ್ತು ನಮ್ಮ ವಿಜಯಪುರ ಸ್ಟೇಷನ್ನಿನಲ್ಲಿ ಬೆಂಗಳೂರು ರೈಲಿಗೆ ಕಾಯುತ್ತ ನಿಂತಿದ್ದೆ. ಬೆನ್ನ ಮೇಲೆ ಹನ್ನೊಂದು ಕಿಲೋ ಚೀಲ, ಎದೆಯ ಮೇಲೆ ಇನ್ನೊಂದು ಸಣ್ಣ ಚೀಲ. ಪಕ್ಕದಲ್ಲಿ ಒಂದು ಕುಟುಂಬ ಕೂತಿತ್ತು. ಗೊಬ್ಬರದ ಚೀಲದಲ್ಲಿ ಪಾತ್ರೆ, ಕೌದಿಯಲ್ಲಿ ಸುತ್ತಿದ ಬಟ್ಟೆ, ಒಂದು ಸ್ಟವ್, ಇಬ್ಬರು ಮಕ್ಕಳು. ಗುಳೆ ಹೊರಟವರು ಅಂತ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಆ ಮನೆಯ ಹಿರಿಯಾಕೆ ನನ್ನ ಚೀಲವನ್ನು ಮೇಲಿಂದ ಕೆಳಗೆ ನೋಡಿ ಕೇಳಿದರು, “ಯಾವ್ ಕಡೆ ದುಡಿಯಾಕ ಹೊಂಟೀಯವಾ?”

“ದುಡಿಯಾಕಲ್ಲಬೇ, ಸುಮ್ನ ತಿರಗಾಕ” ಅಂದೆ.

“ಸುಮ್ನ?” ಅಂದರು. ಸ್ವಲ್ಪ ಹೊತ್ತು ಬಿಟ್ಟು, “ಒಬ್ಬಾಕೀನ?” ಅಂದರು.

ಈ ಎರಡು ಪ್ರಶ್ನೆಗೂ ಅವತ್ತು ನನ್ನ ಹತ್ತಿರ ಉತ್ತರ ಇರಲಿಲ್ಲ. ನಗುತ್ತ ಸುಮ್ಮನಾದೆ. ರೈಲು ಬಂತು. ಅವರು ಜನರಲ್ ಬೋಗಿ ಕಡೆ ಓಡಬೇಕು, ನಾನು ನನ್ನ ಸ್ಲೀಪರ್ ಬೋಗಿ ಕಡೆ. ಗಡಿಬಿಡಿಯಲ್ಲೂ ಆಕೆ ತಿರುಗಿ ನಿಂತು ಒಂದು ಮಾತು ಹೇಳಿ ಹೋದರು. “ಬಾಯಿ ಐತಿಲ್ಲ, ಕೇಳ್ಕೋಂತ ಹೋಗವಾ. ಬಾಯಿದ್ದವ ಬರಗಾಲದಾಗೂ ಬದುಕ್ಯಾನ.”

ಮುಂದಿನ 95 ದಿನ ನಾನು ಮಾಡಿದ್ದು ಅಷ್ಟೇ. ಹಾಗಾಗಿ ಇವತ್ತಿನ ಮಾತಿಗೆ ಬೇರೆ ಹೆಸರು ಇಡಲು ಹೋಗಿಲ್ಲ.

ಮೊದಲೇ ಒಂದು ತಿದ್ದುಪಡಿ. ಹೊರಗಿನ ಬೋರ್ಡಿನಲ್ಲಿ ‘ಏಷ್ಯಾ ಸುತ್ತಿ ಬಂದ ಒಂಟಿ ಮಹಿಳೆ’ ಅಂತ ಬರೆದಿದ್ದಾರೆ. ಏಷ್ಯಾದಲ್ಲಿ 40ಕ್ಕೂ ಜಾಸ್ತಿ ದೇಶಗಳಿವೆ. ನಾನು ನೋಡಿದ್ದು ನಾಲ್ಕು. ಥಾಯ್ಲೆಂಡ್, ಲಾವೋಸ್, ಕಾಂಬೋಡಿಯಾ, ವಿಯೆಟ್ನಾಂ. ಅದೂ ಬಸ್ಸಿನ ಕಿಟಕಿಯಿಂದ ಕಂಡಷ್ಟು. ‘ಒಂಟಿ’ ಅನ್ನುವ ಪದದ ಬಗ್ಗೆಯೂ ನನ್ನ ತಕರಾರು ಇದೆ, ಅದಕ್ಕೆ ಆಮೇಲೆ ಬರುತ್ತೇನೆ. ನಾನು ಲೆಕ್ಕ ಬರೆಯುವವಳು. ನಲವತ್ತೊಂದು ವಯಸ್ಸು. ಹದಿನೆಂಟು ವರ್ಷ ಒಂದೇ ಕುರ್ಚಿಯಲ್ಲಿ ಕೂತು ಜಮಾ ಖರ್ಚು ನೋಡಿದ ಮೇಲೆ ಮೂರು ತಿಂಗಳು ಸಂಬಳವಿಲ್ಲದ ರಜೆ ಕೇಳಿದೆ, ಸಿಕ್ಕಿತು. ಹಿನ್ನೆಲೆ ಇಷ್ಟೇ.

ಬ್ಯಾಕ್‌ಪ್ಯಾಕಿಂಗ್ ಅಂದಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಯಾರು? ಗೋಳಗುಮ್ಮಟದ ಮುಂದೆ ಟಾಂಗಾದಿಂದ ಇಳಿಯುವ ಕೆಂಪು ಮೂಗಿನ ವಿದೇಶಿ ಹುಡುಗ, ಅಲ್ವಾ? ಆದರೆ ನಮ್ಮ ಜಿಲ್ಲೆಯವರಿಗೆ ಇದು ಹೊಸತಾ? ಯುಗಾದಿಗೆ ಮುಂಚೆ ಶ್ರೀಶೈಲಕ್ಕೆ ನಡೆಯುತ್ತ ಹೋಗುವವರನ್ನು ನೆನೆಸಿಕೊಳ್ಳಿ. ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆಯಿಂದ ಸಾವಿರಾರು ಜನ. ಹೆಗಲ ಮೇಲೆ ಕಂಬಿ, ಬೆನ್ನಿಗೆ ಗಂಟು, ಗಂಟಿನಲ್ಲಿ ಕಟಕ ರೊಟ್ಟಿ, ಶೇಂಗಾ ಹಿಂಡಿ. ಉರಿ ಬಿಸಿಲಲ್ಲಿ ದಿನಗಟ್ಟಲೆ ನಡಿಗೆ. ನನ್ನ ದೊಡ್ಡಪ್ಪ ಏಳು ಸಲ ಹೋಗಿ ಬಂದವರು. ಅವರಿಗೆ ಯಾರೂ ಬ್ಯಾಕ್‌ಪ್ಯಾಕರ್ ಅನ್ನಲಿಲ್ಲ.

ನಾನು ಹೊರಡುವ ಮುಂಚೆ ದೊಡ್ಡಪ್ಪನನ್ನು ಕೇಳಿದೆ, ದಾರಿಯಲ್ಲಿ ಯಾವುದು ಕಷ್ಟ ಅಂತ. ಕಾಲಿನ ಗುಳ್ಳೆ, ಬಿಸಿಲು ಇಂಥದ್ದೇನಾದರೂ ಹೇಳುತ್ತಾರೆ ಅಂದುಕೊಂಡಿದ್ದೆ. ಅವರು ಹೇಳಿದ್ದು ಬೇರೆ. ದಾರಿಯುದ್ದಕ್ಕೂ ಊರಿನವರು ಮಜ್ಜಿಗೆ ಇಟ್ಟಿರುತ್ತಾರೆ, ಊಟಕ್ಕೆ ಕರೆಯುತ್ತಾರೆ, ಕೆಲವರು ಕಾಲಿಗೆ ಎಣ್ಣೆ ತಿಕ್ಕುತ್ತಾರೆ. “ಮೊದಲ್ನೇ ಸಲ ಹ್ವಾದಾಗ ನನ್ನ ಕಾಲ ಇನ್ನೊಬ್ಬರ ಕೈಯಾಗ ಕೊಡಾಕ ನಾಚಿಕಿ ಆತು. ತಗೋಳೂದು ಕಲಿಯಾಕ ನನಗ ಮೂರ್ ದಿನ ಹಿಡೀತು.” ಅವತ್ತು ನಕ್ಕುಬಿಟ್ಟೆ. ಆರು ವಾರಗಳ ನಂತರ ಒಂದು ಗಡಿ ಊರಿನಲ್ಲಿ ಆ ಮಾತು ನೆನಪಾಗಿ ನಗು ಬರಲಿಲ್ಲ.

ನನ್ನಂಥ ಮಧ್ಯಮ ವರ್ಗದವರಿಗೆ ಎರಡೇ ಗೊತ್ತು. ದುಡ್ಡು ಕೊಟ್ಟು ತೆಗೆದುಕೊಳ್ಳುವುದು, ಇಲ್ಲವೇ ದಾನ ಮಾಡುವುದು. ಸುಮ್ನೆ ಕೇಳಿ ಪಡೆಯುವುದು ಗೊತ್ತಿಲ್ಲ. ವಿಳಾಸ ಕೇಳಲೂ ನಮಗೆ ಈಗ ಮುಜುಗರ, ಫೋನಿನ ನಕ್ಷೆ ನೋಡುತ್ತೇವೆ. ಇನ್ನೊಂದು ಗಮನಿಸಿ. ಕನ್ನಡದಲ್ಲಿ ‘ಕೇಳು’ ಅಂದರೆ ಪ್ರಶ್ನೆ ಹಾಕುವುದೂ ಹೌದು, ಬೇಡುವುದೂ ಹೌದು, ಕಿವಿ ಕೊಡುವುದೂ ಹೌದು. ಮೂರಕ್ಕೂ ಒಂದೇ ಮಾತು. ನಲವತ್ತು ವರ್ಷ ಈ ಭಾಷೆ ಆಡಿದ್ದರೂ ನನಗದು ಹೊಳೆದದ್ದು, ಕನ್ನಡ ಕಿವಿಗೇ ಬೀಳದ ಊರಿನಲ್ಲಿ. (ನಮ್ಮ ಗೋಳಗುಮ್ಮಟವನ್ನೇ ನೋಡಿ. ಪಿಸುಮಾತು ಕೂಡ ಆಚೆ ಬದಿಗೆ ಕೇಳಿಸುವ ಕಟ್ಟಡ ಅದು. ಅಲ್ಲಿ ಹೋಗಿ ನಾವೆಲ್ಲ ಮಾಡುವುದೇನು? ಕಿರುಚುವುದು.)

ಬ್ಯಾಂಕಾಕಿನಿಂದ ಶುರು. ಆ ನವೆಂಬರಿನಲ್ಲೇ ಥಾಯ್ಲೆಂಡ್ ಭಾರತೀಯರಿಗೆ ವೀಸಾ ಬೇಡ ಅಂದಿತ್ತು. ನನ್ನ ಧೈರ್ಯಕ್ಕೆ ಅದೂ ಒಂದು ಕಾರಣ. ಬೆನ್ನಚೀಲದವರೆಲ್ಲ ಸೇರುವ ಬೀದಿಗೆ ಖಾವ್ ಸಾನ್ ಅಂತ ಹೆಸರು. ಅದರ ಅರ್ಥ ಅಕ್ಕಿ. ಒಂದು ಕಾಲಕ್ಕೆ ಅದು ಅಕ್ಕಿ ಪೇಟೆ. ಈಗ ಅಲ್ಲಿ ಅಕ್ಕಿ ಬಿಟ್ಟು ಬೇರೆ ಎಲ್ಲ ಮಾರುತ್ತಾರೆ. ಎರಡು ರಾತ್ರಿ ಇದ್ದೆ, ಸಾಕಾಯಿತು. ಎರಡನೇ ರಾತ್ರಿ ಒಬ್ಬ ಮನುಷ್ಯ ಹಿಂದೆ ಬಿದ್ದ. ನಾನು ತಿರುಗಿದ ಕಡೆ ತಿರುಗುತ್ತಿದ್ದ. ಆ ಊರಿನಲ್ಲಿ ರಾತ್ರಿಯಿಡೀ ತೆರೆದಿರುವ ಸೆವೆನ್ ಇಲೆವೆನ್ ಅಂಗಡಿ ಪ್ರತಿ ಮೂಲೆಗೂ ಇದೆ. ಒಳಗೆ ಹೋಗಿ ಕೌಂಟರಿನ ಹುಡುಗಿಗೆ ಕೈಸನ್ನೆ ಮಾಡಿದೆ. ಅವಳಿಗೆ ಕೂಡಲೇ ಅರ್ಥವಾಯಿತು. ಒಂದು ಸ್ಟೂಲ್ ತಂದು ಕೌಂಟರಿನ ಒಳಗಡೆ ಹಾಕಿದಳು. ಹಿಂಬಾಲಿಸಿದವನನ್ನು ಗುರುತಿಸಲು ಹೆಂಗಸಿಗೆ ಭಾಷೆ ಬೇಕಿಲ್ಲ. ಅವನು ಹೋದ ಮೇಲೂ ಹತ್ತು ನಿಮಿಷ ಕೂರಿಸಿಕೊಂಡು, ಬಾಗಿಲ ತನಕ ಬಂದು ಬೀದಿ ನೋಡಿ ಕಳಿಸಿದಳು. ಇಲ್ಲಿ ಕೂತ ಹೆಣ್ಣುಮಕ್ಕಳ ತಾಯಂದಿರು ‘ಹೆದರಿಕೆ ಆಗಲಿಲ್ವಾ’ ಅಂತ ಕೇಳೇ ಕೇಳುತ್ತೀರಿ, ಅದಕ್ಕೇ ಈಗಲೇ ಹೇಳಿಬಿಟ್ಟೆ. ಆಯಿತು. ಅವತ್ತೊಂದು ದಿನ ಅಲ್ಲ, ಹತ್ತು ಹದಿನೈದು ಸಲ ಆಯಿತು. ಎಷ್ಟೋ ಕಡೆ ‘ಗಂಡ ಹೋಟೆಲ್ಲಿನಲ್ಲಿ ಕಾಯ್ತಿದ್ದಾನೆ’ ಅಂತ ಸುಳ್ಳು ಹೇಳಿದ್ದೇನೆ. ಇಲ್ಲದ ಆ ಗಂಡ ನನ್ನ ಜೊತೆ ನಾಲ್ಕು ದೇಶ ತಿರುಗಿದ.

ಊಟದ ಕಥೆ ಬಿಟ್ಟರೆ ನೀವು ಬಿಡುವುದಿಲ್ಲ. ನಾನು ಮಾಂಸ, ಮೀನು ತಿನ್ನುವುದಿಲ್ಲ. ಆ ನಾಡುಗಳಲ್ಲಿ ಮೀನಿನ ಸಾರ ಬೀಳದ ಅಡುಗೆ ಹುಡುಕಬೇಕು. ಥಾಯ್ಲೆಂಡಿನಲ್ಲಿ ಸಸ್ಯಾಹಾರಕ್ಕೆ ‘ಜೇ’ ಅನ್ನುವ ಪದ ಕಲಿತೆ, ಅದನ್ನು ಬರೆದ ಹಳದಿ ಬಾವುಟ ಕಂಡ ಕಡೆ ನುಗ್ಗುತ್ತಿದ್ದೆ. ವಿಯೆಟ್ನಾಂನಲ್ಲಿ ‘ಚಾಯ್’ ಅನ್ನಬೇಕು. ಅಲ್ಲಿ ಒಂದು ಸಂತೋಷದ ಸಂಗತಿ. ಚಾಂದ್ರಮಾನದ ತಿಂಗಳ ಮೊದಲ ದಿನ ಮತ್ತು ಹುಣ್ಣಿಮೆಗೆ ಅಲ್ಲಿನ ಬಹಳ ಜನ ಬೌದ್ಧರು ಮಾಂಸ ಮುಟ್ಟುವುದಿಲ್ಲ. ಆ ಎರಡು ದಿನ ನಮ್ಮ ಶ್ರಾವಣ ಸೋಮವಾರದ ಹಾಗೆ ಬೀದಿ ಬದಿಯಲ್ಲೂ ಸಸ್ಯಾಹಾರ. ನಾನು ಕ್ಯಾಲೆಂಡರಿನಲ್ಲಿ ಹುಣ್ಣಿಮೆ ಎಣಿಸುತ್ತ ಕೂತಿರುತ್ತಿದ್ದೆ.

ಲಾವೋಸಿನಲ್ಲಿ ಮಾತ್ರ ಸ್ವಲ್ಪದರಲ್ಲಿ ತಪ್ಪಿಸಿಕೊಂಡೆ. ಲುವಾಂಗ್ ಪ್ರಬಾಂಗ್ ಅನ್ನುವ ಹಳೆಯ ರಾಜಧಾನಿಯ ಸಂತೆಯಲ್ಲಿ ಒಂದು ಬಟ್ಟಲಲ್ಲಿ ಕೆಂಪಗೆ, ಎಣ್ಣೆ ಎಣ್ಣೆಯಾಗಿ ಒಂದು ಚಟ್ನಿ. ನೋಡಲು ನಮ್ಮ ರಂಜಕವೇ. ತಿಂಗಳಿಂದ ಖಾರ ಕಾಣದ ನಾಲಿಗೆ. ಬೆರಳು ಅದ್ದಿಯೂ ಆಗಿತ್ತು, ಬಾಯಿಗೆ ಹೋಗಬೇಕು. ಏನೋ ಅನುಮಾನ ಬಂದು ಮಾರುವಾಕೆಯನ್ನು ಕೇಳಿದೆ. ಆಕೆ ತನ್ನ ತೋಳಿನ ಚರ್ಮ ಎಳೆದು ತೋರಿಸಿ, ತಲೆಗೆ ಎರಡು ಕೊಂಬು ಮಾಡಿದರು. ಜೇವ್ ಬಾಂಗ್ ಅಂತ ಅದರ ಹೆಸರು. ಮೆಣಸಿನಕಾಯಿಯ ಜೊತೆ ಎಮ್ಮೆಯ ಚರ್ಮ ಹಾಕಿ ಮಾಡುತ್ತಾರೆ. ಬೆರಳು ಒರೆಸಿಕೊಂಡು ನನ್ನ ಕಟಕ ರೊಟ್ಟಿ ಮುರಿದು ಕೂತೆ.

ಆ ಕಟಕ ರೊಟ್ಟಿಯ ಬಗ್ಗೆ ಒಂದು ಮಾತು. ಅವ್ವ ನಲವತ್ತು ರೊಟ್ಟಿ ಕಟ್ಟಿಕೊಟ್ಟಿದ್ದಳು. ಬೇಡ ಅಂತ ಜಗಳವಾಡಿದ್ದೆ. ನಾಲ್ಕು ವಾರವಾದರೂ ಒಂದೂ ಕೆಡಲಿಲ್ಲ. ಪ್ರವಾಸಕ್ಕೆ ಇದಕ್ಕಿಂತ ಒಳ್ಳೆಯ ಆಹಾರ ಜಗತ್ತಿನಲ್ಲಿ ಯಾರೂ ಕಂಡುಹಿಡಿದಿಲ್ಲ ಅನ್ನುವುದು ನನ್ನ ಖಚಿತ ಅಭಿಪ್ರಾಯ, ಇದರ ಮೇಲೆ ಚರ್ಚೆ ಇಲ್ಲ.

ಈಗ ದೋಣಿಯ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಥಾಯ್ಲೆಂಡಿನ ಉತ್ತರ ತುದಿಯಿಂದ ಗಡಿ ದಾಟಿದರೆ ಲಾವೋಸಿನ ಹುವೈ ಸಾಯ್ ಅನ್ನುವ ಊರು. ಅಲ್ಲಿಂದ ಲುವಾಂಗ್ ಪ್ರಬಾಂಗಿಗೆ ಮೆಕಾಂಗ್ ನದಿಯ ಮೇಲೆ ಎರಡು ದಿನದ ದೋಣಿ ಪ್ರಯಾಣ. ಉದ್ದನೆಯ ಮರದ ದೋಣಿ. ಹಳೆಯ ವ್ಯಾನುಗಳ ಸೀಟು ಕಿತ್ತು ತಂದು ಜೋಡಿಸಿರುತ್ತಾರೆ. ರಾತ್ರಿ ಪಾಕ್ ಬೆಂಗ್ ಅನ್ನುವ ದಂಡೆಯ ಊರಿನಲ್ಲಿ ತಂಗಬೇಕು. ಮೆಕಾಂಗ್ ಟಿಬೆಟ್ಟಿನ ಕಡೆಯಿಂದ ಹರಿದು ಬರುವ ನದಿ. ಉದ್ದ ನಾಲ್ಕು ಸಾವಿರ ಕಿಲೋಮೀಟರಿಗೂ ಜಾಸ್ತಿ. ನಮ್ಮ ಕೃಷ್ಣೆಗಿಂತ ಮೂರು ಪಟ್ಟು ಅನ್ನಿ. ಬಣ್ಣ ಮಾತ್ರ ಅದೇ. ಮಳೆಗಾಲದಲ್ಲಿ ಕೊಲ್ಹಾರ ಸೇತುವೆಯ ಮೇಲೆ ನಿಂತು ನೋಡಿದರೆ ಕಾಣುವ ಕಾವಿ ಬಣ್ಣ.

ವಿದೇಶಿ ಪ್ರವಾಸಿಗರು ಮುಂದುಗಡೆ ಹಾಡು, ಬಿಯರ್ ಅಂತ ಇದ್ದರು. ನಾನು ಹಿಂದೆ, ಊರಿನವರು ಕೂರುವ ಕಡೆ ಹೋಗಿ ಕೂತೆ. ನಡುನಡುವೆ ದೋಣಿ ದಂಡೆಗೆ ಮೂಗು ತಾಗಿಸಿ ನಿಲ್ಲುತ್ತದೆ. ಅಕ್ಕಿ ಮೂಟೆ ಇಳಿಯುತ್ತದೆ, ಕೋಳಿ ಹತ್ತುತ್ತದೆ, ಮಕ್ಕಳು ಹತ್ತುತ್ತಾರೆ. ನಮ್ಮ ಹಳ್ಳಿಯ ಬಸ್ಸಿದ್ದ ಹಾಗೆ. ಎರಡನೇ ದಿನ ನನ್ನ ಪಕ್ಕ ಒಬ್ಬ ಅಜ್ಜಿ ಬಂದು ಕೂತರು. ಬಿದಿರಿನ ಬುಟ್ಟಿಯಲ್ಲಿ ಅಂಟು ಅನ್ನ. ಅವರು ಅದನ್ನು ಬೆರಳಲ್ಲಿ ಉಂಡೆ ಮಾಡಿ ತಿನ್ನುತ್ತಾರೆ, ನಾವು ರೊಟ್ಟಿ ಮುರಿದು ತಿನ್ನುವ ಹಾಗೆ ಚಮಚದ ಹಂಗಿಲ್ಲ. ಬುಟ್ಟಿ ನನ್ನ ಕಡೆ ಚಾಚಿದರು. ತೆಗೆದುಕೊಂಡೆ. ನಾನು ರೊಟ್ಟಿ ಮುರಿದು ಕೊಟ್ಟೆ. ಅವರ ಬಾಯಲ್ಲಿ ನಾಲ್ಕೈದೇ ಹಲ್ಲು. ರೊಟ್ಟಿಯನ್ನು ನೀರಲ್ಲಿ ಅದ್ದಿ ತೋರಿಸಿದೆ. ತಿಂದು, ಶೇಂಗಾ ಹಿಂಡಿಯ ಡಬ್ಬಿ ಕಡೆ ಬೆರಳು ಮಾಡಿದರು. ಅದನ್ನೂ ಕೊಟ್ಟೆ. ಆಮೇಲೆ ಡಬ್ಬಿ ಅವರ ತೊಡೆಯ ಮೇಲೆಯೇ ಉಳಿಯಿತು.

ಮಧ್ಯಾಹ್ನ ಕಳೆದ ಮೇಲೆ, ಲುವಾಂಗ್ ಪ್ರಬಾಂಗ್ ಇನ್ನೂ ಸ್ವಲ್ಪ ದೂರ ಇರುವಾಗ, ನದಿಯ ಎರಡೂ ಬದಿ ಗುಡ್ಡ ಕಡಿದಿದ್ದು ಕಂಡಿತು. ಕ್ರೇನುಗಳು, ಕಾಂಕ್ರೀಟಿನ ಗೋಡೆ, ಲಾರಿ ಸಾಲು. ಅಣೆಕಟ್ಟು. 1,460 ಮೆಗಾವ್ಯಾಟ್ ವಿದ್ಯುತ್ತಿನ ಯೋಜನೆ. ಇದೇ ನದಿಯಲ್ಲಿ ಇನ್ನೂ ಕೆಳಗೆ, ಸಯಾಬುರಿ ಅನ್ನುವ ಕಡೆ, 2019ರಿಂದಲೇ ಇನ್ನೊಂದು ಅಣೆಕಟ್ಟು ವಿದ್ಯುತ್ ತಯಾರಿಸುತ್ತಿದೆ. ದೋಣಿಯಲ್ಲಿ ಹಾಡು ನಿಂತಿತು, ಎಲ್ಲರೂ ಫೋನ್ ಎತ್ತಿದರು. ಅಜ್ಜಿ ಎದ್ದು ನಿಂತರು. ದೋಣಿಯ ಕಂಬ ಹಿಡಿದು, ಅದು ಕಣ್ಣಿಂದ ಮರೆಯಾಗುವ ತನಕ ನೋಡುತ್ತಲೇ ಇದ್ದರು. ಮುಖದಲ್ಲಿ ಸಿಟ್ಟೂ ಇಲ್ಲ, ದುಃಖವೂ ಇಲ್ಲ. ಪರಿಚಯದವರ ಮನೆಯ ಮುಂದೆ ಹಾದುಹೋಗುವಾಗ ಒಮ್ಮೆ ಇಣುಕುತ್ತೇವಲ್ಲ, ಹಾಗೆ.

ನಿಮ್ಮಲ್ಲಿ ಎಷ್ಟೋ ಜನರಿಗೆ ಗೊತ್ತು, ನನ್ನ ಅವ್ವನ ತವರು ಬೀಳಗಿ ಕಡೆ. ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಿದ ಊರು. ಹೊಸ ಊರಿಗೆ ಅದೇ ಹೆಸರು ಇಟ್ಟಿದ್ದಾರೆ, ಆದರೆ ಅವ್ವ ಅದನ್ನು ಯಾವತ್ತೂ ‘ಪುನರ್ವಸತಿ’ ಅಂತಲೇ ಕರೆಯುತ್ತಾಳೆ. ಬಾಗಲಕೋಟೆಗೆ ಬಸ್ಸಿನಲ್ಲಿ ಹೋಗುವಾಗಲೆಲ್ಲ ನೀರು ಕಂಡಕೂಡಲೇ ಅವ್ವ ಎದ್ದು ನಿಲ್ಲುತ್ತಾಳೆ, ಸೀಟಿದ್ದರೂ. ಎಷ್ಟೋ ವರ್ಷಗಳಿಂದ ಅದನ್ನು ನೋಡಿಕೊಂಡೇ ಬಂದವಳು ನಾನು. ಆ ಅಜ್ಜಿ ಎದ್ದು ನಿಂತಾಗ ನನಗೆ ತಡೆಯಲಾಗಲಿಲ್ಲ. ಫೋನ್ ತೆಗೆದು ಒಂದು ಫೋಟೋ ಹೊಡೆದೆ. ಹಿಂದಿನಿಂದ. ಕಂಬ ಹಿಡಿದ ಕೈ, ಆಚೆ ಕ್ರೇನು.

ಇಳಿಯುವಾಗ ಅಜ್ಜಿಗೆ ಡಬ್ಬಿ ಇಟ್ಟುಕೊಳ್ಳಿ ಅಂದೆ. ‘ಬೊ ಪೆನ್ ಯಂಗ್’ ಅಂದರು. ಲಾವೋಸಿನಲ್ಲಿ ದಿನಕ್ಕೆ ನೂರು ಸಲ ಕಿವಿಗೆ ಬೀಳುವ ಮಾತು. ಪರವಾಗಿಲ್ಲ, ಇರಲಿ ಬಿಡು, ಏನಾಗಲ್ಲ ಎಲ್ಲವೂ ಅದರಲ್ಲೇ.

ಲಾವೋಸ್ ಬಿಡುವ ಮುಂಚೆ ಎರಡು ಸಂಗತಿ. ಒಂದು ಚಮಚ. 1964ರಿಂದ 1973ರ ತನಕ ಅಮೆರಿಕ ಆ ಪುಟ್ಟ ದೇಶದ ಮೇಲೆ 20 ಲಕ್ಷ ಟನ್ನಿಗೂ ಜಾಸ್ತಿ ಬಾಂಬ್ ಹಾಕಿತು. ಸಿಡಿಯದೆ ಉಳಿದವು ಇವತ್ತಿಗೂ ಹೊಲಗಳಲ್ಲಿವೆ. ಆ ಯುದ್ಧದ ಗುಜರಿಯ ಅಲ್ಯೂಮಿನಿಯಂ ಕರಗಿಸಿ ಹಳ್ಳಿಯವರು ಚಮಚ ಮಾಡುತ್ತಾರೆ, ರಾತ್ರಿ ಸಂತೆಯಲ್ಲಿ ಮಾರುತ್ತಾರೆ. ಒಂದು ತಂದೆ. ಈಗ ಅದು ನಮ್ಮ ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿಯೊಳಗಿದೆ.

ಇನ್ನೊಂದು, ದಕ್ಷಿಣದ ಚಂಪಾಸಕ್ ಹತ್ತಿರದ ವಾಟ್ ಫು. ಖ್ಮೇರರು, ಅಂದರೆ ಕಾಂಬೋಡಿಯಾದ ಹಿಂದಿನ ಅರಸರು, ಕಟ್ಟಿದ ಹಳೆಯ ಶಿವಾಲಯ. ಹಿಂದಿನ ಬೆಟ್ಟದ ತುದಿಯಲ್ಲಿ ಬಂಡೆ ಲಿಂಗದ ಆಕಾರಕ್ಕೆ ಎದ್ದು ನಿಂತಿದೆ, ಅದಕ್ಕೇ ಹಿಂದಿನವರು ಲಿಂಗಪರ್ವತ ಅಂತ ಕರೆದರು. ಬೆಟ್ಟದ ಬುಗ್ಗೆಯ ನೀರು ಕಲ್ಲಿನ ಕಾಲುವೆಯಲ್ಲಿ ಹರಿದು ಗರ್ಭಗುಡಿಯ ಲಿಂಗದ ಮೇಲೆ ಬೀಳುವಂತೆ ಮಾಡಿದ್ದರು. ಈಗ ಒಳಗೆ ಬುದ್ಧ ಕೂತಿದ್ದಾನೆ, ಜನ ಊದುಬತ್ತಿ ಹಚ್ಚುತ್ತಾರೆ, ಯಾರಿಗೂ ಜಗಳವಿಲ್ಲ. ಅಂಗೈಯಲ್ಲಿ ಹಿಡಿಯುವ ಲಿಂಗದ ಮನೆಯಲ್ಲಿ ಬೆಳೆದವಳಿಗೆ ಬೆಟ್ಟದಷ್ಟು ಲಿಂಗ ನೋಡಿ ಏನನ್ನಿಸಬೇಕು ಅಂತಲೇ ತಿಳಿಯಲಿಲ್ಲ. ಕೊರಳಿನ ಗುಂಡಗಡಿಗೆ, ಅಂದರೆ ಇಷ್ಟಲಿಂಗ ಇಡುವ ಡಬ್ಬಿ, ಮುಟ್ಟಿಕೊಂಡು ಸುಮ್ನೆ ಕೂತೆ. ಕೂತಲ್ಲೇ ನಿದ್ದೆ ಬಂತು, ನಿಜ ಹೇಳಬೇಕಂದರೆ.

ಕಾಂಬೋಡಿಯಾ. ಅಂಗ್ಕೋರ್ ವಾಟ್ ದೇವಾಲಯದ ಬಗ್ಗೆ ನಾನು ಹೇಳುವುದಿಲ್ಲ. ಸೂರ್ಯೋದಯದ ಫೋಟೋ ನೀವೆಲ್ಲ ನೋಡಿದ್ದೀರಿ, ಆ ಫೋಟೋ ತೆಗೆಯಲು ಬೆಳಗಿನ ಐದಕ್ಕೆ ಕೆರೆಯ ದಂಡೆಯಲ್ಲಿ ನೂರಾರು ಜನರ ಜೊತೆ ಮೊಣಕೈ ತಿವಿದಾಡಬೇಕು ಅನ್ನುವುದು ಮಾತ್ರ ಫೋಟೋದಲ್ಲಿ ಕಾಣುವುದಿಲ್ಲ. ಒಂದು ದಿನದ ಟಿಕೆಟ್ಟಿಗೆ 37 ಡಾಲರ್. ನನ್ನ ದಿನದ ಖರ್ಚು ಎಲ್ಲ ಸೇರಿ ಎರಡು ಸಾವಿರ ರೂಪಾಯಿ ದಾಟಬಾರದು ಅಂತ ನೇಮ. ಆ ಒಂದು ದಿನ ನೇಮ ಮುರಿಯಿತು. ಬೇಜಾರಿಲ್ಲ.

ನನ್ನನ್ನು ಅಲ್ಲಾಡಿಸಿದ್ದು ರಾಜಧಾನಿ ನೋಮ್ ಪೆನ್‌ನ ತುವೋಲ್ ಸ್ಲೆಂಗ್. ಅದೊಂದು ಹೈಸ್ಕೂಲು. ಕ್ಲಾಸ್‌ರೂಮು, ಉದ್ದನೆಯ ವರಾಂಡ, ಮಧ್ಯೆ ಮೈದಾನ, ನಾನು ಓದಿದ ಶಾಲೆ ಇದ್ದ ಹಾಗೇ. 1975ರಿಂದ 1979ರ ತನಕ, ಖ್ಮೇರ್ ರೂಜ್ ಅನ್ನುವ ಕಮ್ಯುನಿಸ್ಟ್ ಗುಂಪಿನ ಆಳ್ವಿಕೆಯಲ್ಲಿ, ಅದನ್ನು ಸೆರೆಮನೆ ಮಾಡಿ ಸಾವಿರಾರು ಜನರನ್ನು ಹಿಂಸಿಸಿ ಕೊಲ್ಲಲು ಕಳಿಸಿದರು. ಅಂಗಳದಲ್ಲಿ ಕೈದಿಗಳಿಗೆ ಹಾಕಿದ್ದ ನಿಯಮಗಳ ಬೋರ್ಡಿದೆ. ಕೇಳಿದ್ದಕ್ಕೆ ಕೇಳಿದಂತೆಯೇ ಉತ್ತರ ಕೊಡಬೇಕು ಅನ್ನುವುದು ಅದರಲ್ಲಿ ಮೊದಲನೆಯದು. ಅಲ್ಲಿಯೂ ಹಗಲು ರಾತ್ರಿ ಕೇಳುತ್ತಲೇ ಇದ್ದರು ನೋಡಿ. ಉತ್ತರ ಮೊದಲೇ ಬರೆದಿಟ್ಟುಕೊಂಡು ಕೇಳುತ್ತಿದ್ದರು. ಹೊರಗೆ ಬಂದು ಸಂಜೆತನಕ ಯಾರ ಜೊತೆಯೂ ಮಾತಾಡಲಾಗಲಿಲ್ಲ. ಒಬ್ಬರೇ ಇರುವುದು ನಿಜವಾಗಿ ಭಾರವಾದದ್ದು ಅವತ್ತು. ಪಕ್ಕದಲ್ಲಿ ಯಾರಾದರೂ ಇದ್ದಿದ್ದರೆ ಸುಮ್ನೆ ನಡೆಯಬಹುದಿತ್ತು.

ಈಗ ನನ್ನ ದಡ್ಡತನದ ಕಥೆ. ವಿಯೆಟ್ನಾಂಗೆ ನಾವು ಮೊದಲೇ ಆನ್‌ಲೈನಿನಲ್ಲಿ ವೀಸಾ ಪಡೆದಿರಬೇಕು. ಯಾವ ದಿನದಿಂದ, ಯಾವ ಗಡಿಯಿಂದ ಒಳಗೆ ಬರುತ್ತೀರಿ ಅಂತ ತುಂಬಬೇಕು. ನಾನು ಜನವರಿ 4 ಅಂತ ಹಾಕುವ ಕಡೆ 5 ಹಾಕಿದ್ದೆ. ಹದಿನೆಂಟು ವರ್ಷ ಲೆಕ್ಕ ಬರೆದವಳು! ನೋಮ್ ಪೆನ್‌ನಿಂದ ಬಸ್ಸು ಗಡಿಯ ಬಾವೆಟ್ ಊರಿಗೆ ಬಂತು. ಕಂಡಕ್ಟರ್ ಎಲ್ಲರ ಕಾಗದ ನೋಡುತ್ತ ಬಂದು, ನನ್ನದರ ಮೇಲೆ ಬೆರಳಿಟ್ಟು ‘ಟುಮಾರೋ’ ಅಂದ. ಚೀಲ ಇಳಿಸಿದ. ಬಸ್ಸು ಹೋಯಿತು.

ಬಾವೆಟ್ ಅಂದರೆ ಸಾಲು ಸಾಲು ಕ್ಯಾಸಿನೋ. ಸಂಜೆ ದೀಪ ಹತ್ತಿದವು. ಆ ಹೋಟೆಲ್ಲುಗಳೊಳಗೆ ಒಬ್ಬಳೇ ಹೋಗಲು ಮನಸ್ಸು ಬರಲಿಲ್ಲ. ರಸ್ತೆ ಬದಿಯ ನೂಡಲ್ಸ್ ಅಂಗಡಿಯಲ್ಲಿ ಕೂತೆ. ಒಂದು ಚಹಾ, ಎರಡು, ಮೂರು. ಒಂಬತ್ತಾಯಿತು. ಅಂಗಡಿಯಾಕೆ ಪಾತ್ರೆ ತೊಳೆಯತೊಡಗಿದರು. ಎದ್ದು ಹೋಗಬೇಕು, ಎಲ್ಲಿಗೆ ಅಂತ ಗೊತ್ತಿಲ್ಲ. ಬಾಯಲ್ಲಿ ಒಂದು ವಾಕ್ಯ ಬಂದು ನಿಂತಿದೆ, ಹೊರಗೆ ಬರುತ್ತಿಲ್ಲ. ದುಡ್ಡು ಎಷ್ಟಾದರೂ ಕೊಡುತ್ತೇನೆ ಅನ್ನಬಲ್ಲೆ. ‘ಇವತ್ತು ರಾತ್ರಿ ಇಲ್ಲಿ ಇರಲಾ’ ಅಂತ ಬೇಡಲು ಆಗುತ್ತಿಲ್ಲ. ದೊಡ್ಡಪ್ಪ ಕಾಲು ಮುಂದೆ ಚಾಚಲು ಮೂರು ದಿನ ತೆಗೆದುಕೊಂಡರಲ್ಲ, ಅದು ನೆನಪಾಯಿತು. ಸ್ಟೇಷನ್ನಿನ ಆಕೆಯೂ ನೆನಪಾದರು. ಎಷ್ಟೋ ಗುಳೆಯವರು ಯಾವುದೋ ಊರಿನ ಬಸ್ ಸ್ಟ್ಯಾಂಡಿನಲ್ಲಿ ರಾತ್ರಿ ಇಳಿದು, ಮಕ್ಕಳನ್ನು ಹಿಡಿದುಕೊಂಡು, ಇದೇ ಮಾತನ್ನು ವರ್ಷ ವರ್ಷ ಕೇಳುತ್ತಾರೆ. ಅವರಿಗದು ಸಾಹಸವೂ ಅಲ್ಲ, ಅನುಭವವೂ ಅಲ್ಲ.

ಫೋನಿನಲ್ಲಿ ಖ್ಮೇರ್ ಭಾಷೆಗೆ ಅನುವಾದ ಮಾಡಿ ಅವರ ಮುಂದೆ ಹಿಡಿದೆ. ಕೈ ನಡುಗುತ್ತಿತ್ತು. ಆಕೆ ಓದಿದರು, ನನ್ನ ಮುಖ ನೋಡಿದರು, ಒದ್ದೆ ಕೈ ಒರೆಸಿಕೊಂಡು ಅಂಗಡಿ ಹಿಂದಕ್ಕೆ ಕರೆದುಕೊಂಡು ಹೋದರು. ಅಲ್ಲಿ ಎರಡು ಜೋಲಿ ಕಟ್ಟಿದ್ದವು. ಕಾಂಬೋಡಿಯಾದಲ್ಲಿ ಜೋಲಿ ಇಲ್ಲದ ಮನೆ ಕಡಿಮೆ. ಒಂದರಲ್ಲಿ ಅವರ ಮಗಳು ಮಲಗಿದ್ದಳು. ಮಗಳನ್ನು ಎಬ್ಬಿಸಿ ತಮ್ಮ ಪಕ್ಕ ಹಾಕಿಕೊಂಡು ಆ ಜೋಲಿ ನನಗೆ ಕೊಟ್ಟರು. ರಾತ್ರಿಯೆಲ್ಲ ಕ್ಯಾಸಿನೋದ ಬಣ್ಣದ ದೀಪ ತಗಡಿನ ಸಂದಿಯಿಂದ ಬೀಳುತ್ತಿತ್ತು. ಚೆನ್ನಾಗಿ ನಿದ್ದೆ ಮಾಡಿದೆ.

ಬೆಳಿಗ್ಗೆ ಹತ್ತು ಡಾಲರ್ ಚಾಚಿದೆ. ನೋಟಿನ ಅಂಚು ಒಂಚೂರು ಹರಿದಿತ್ತು. ಆ ದೇಶದಲ್ಲಿ ಡಾಲರ್ ಓಡುತ್ತದೆ, ಆದರೆ ಸ್ವಲ್ಪ ಹರಿದಿದ್ದರೂ ಮುಟ್ಟುವುದಿಲ್ಲ. ಆಕೆ ಹರುಕು ತೋರಿಸಿ ನಕ್ಕು ವಾಪಸ್ ಕೊಟ್ಟರು. ಬೇರೆ ನೋಟು ತೆಗೆದೆ. ಅದನ್ನೂ ವಾಪಸ್ ಕೊಟ್ಟರು. ಮೊದಲನೆಯದು ನೆಪ ಅಂತ ಆಗ ಗೊತ್ತಾಯಿತು. ಮೂರು ಚಹಾದ ದುಡ್ಡು ಮಾತ್ರ ತೆಗೆದುಕೊಂಡರು. ಹೀಗಿರುವಾಗ ನನ್ನನ್ನು ‘ಒಂಟಿ ಮಹಿಳೆ’ ಅಂದರೆ ಹೇಗೆ ಒಪ್ಪಲಿ ಹೇಳಿ. ನಾಲ್ಕು ಜನ ಗೆಳತಿಯರ ಜೊತೆ ಹೋಗಿದ್ದರೆ ನಾವು ನಾಲ್ವರೇ ಇರುತ್ತಿದ್ದೆವು. ಒಬ್ಬಳೇ ಹೋದದ್ದಕ್ಕೆ ಇಷ್ಟೊಂದು ಜನರಾದರು.

ವಿಯೆಟ್ನಾಂನಲ್ಲಿ ಒಂದು ಎಚ್ಚರಿಕೆ, ಹೋಗುವವರಿಗೆ. 20 ಸಾವಿರ ಡಾಂಗ್ ನೋಟು, 5 ಲಕ್ಷ ಡಾಂಗ್ ನೋಟು ಎರಡೂ ನೀಲಿ. ಕತ್ತಲಲ್ಲಿ ಟ್ಯಾಕ್ಸಿಯವನಿಗೆ ಒಂದರ ಬದಲು ಇನ್ನೊಂದು ಕೊಟ್ಟರೆ 25 ಪಟ್ಟು ಹೋಯಿತು. ನನ್ನಿಂದ ಹೋಯಿತೇ ಅಂತ ಕೇಳಬೇಡಿ.

ಸಂಕ್ರಾಂತಿಗೆ ನಾನು ಹೋಯಿ ಆನ್ ಊರಿನಲ್ಲಿದ್ದೆ. ಅವ್ವನಿಗೆ ಫೋನ್ ಮಾಡಿದರೆ ಸಿದ್ಧೇಶ್ವರ ಜಾತ್ರೆಯ ಗದ್ದಲ, ನಂದಿಕೋಲಿನ ಗೆಜ್ಜೆ ಸದ್ದು. ಏನೂ ಸರಿಯಾಗಿ ಕೇಳಿಸಲಿಲ್ಲ, ಆದರೂ ಇಬ್ಬರೂ ಫೋನ್ ಇಡಲಿಲ್ಲ. ಅವತ್ತು ಮಿ ಸೋನ್ ನೋಡಲು ಹೋದೆ. ಹಿಂದೆ ಆ ಸೀಮೆ ಆಳಿದ ಚಂಪಾ ರಾಜರು ಕಟ್ಟಿದ ಶಿವನ ಗುಡಿಗಳು, ಕೆಂಪು ಇಟ್ಟಿಗೆಯವು. 1969ರಲ್ಲಿ ಅಮೆರಿಕದ ಬಾಂಬಿಗೆ ದೊಡ್ಡ ಗುಡಿಯೇ ಕುಸಿಯಿತು. ಬಾಂಬ್ ಬಿದ್ದ ಗುಂಡಿಗಳಲ್ಲಿ ಈಗ ಹುಲ್ಲು ಬೆಳೆದಿದೆ. ಅಲ್ಲಿ ದುರಸ್ತಿ ಮಾಡಿದವರಲ್ಲಿ ನಮ್ಮ ಭಾರತೀಯ ಪುರಾತತ್ವ ಇಲಾಖೆಯವರೂ ಇದ್ದಾರೆ. 2020ರಲ್ಲಿ ಆ ಕೆಲಸ ಮಾಡುವಾಗಲೇ ಮರಳುಗಲ್ಲಿನ ಒಂದು ಅಖಂಡ ಲಿಂಗ ಸಿಕ್ಕಿತು. ವಾಪಸ್ ಬರುವಾಗ ಸಂತೆಯಲ್ಲಿ ಎಳ್ಳು, ಶೇಂಗಾ ಹಾಕಿದ ಮೆತ್ತನೆಯ ಮಿಠಾಯಿ ಕಂಡಿತು. ಹುಯೆ ಊರಿನ ವಿಶೇಷವಂತೆ. ಎರಡು ಪೊಟ್ಟಣ ತಂದು ಡಾರ್ಮಿಟರಿಯ ಎಂಟು ಜನರಿಗೂ ಹಂಚಿದೆ. ಎಳ್ಳು ಬೆಲ್ಲ ತಿಂದು ಒಳ್ಳೆಯ ಮಾತಾಡಿ ಅಂದೆ. ಕೊರಿಯಾದ ಹುಡುಗಿಯೊಬ್ಬಳು ತಿಂದು, ‘ಯು ಸ್ನೋರ್’ ಅಂದಳು. ನಿಜ ಮಾತೇ, ಒಳ್ಳೆಯದೋ ಗೊತ್ತಿಲ್ಲ.

ಬರುವಾಗ ಹನೋಯಿ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಗುಂಡಗಡಿಗೆ ತೆಗೆಸಿದರು. ಒಳಗಿನ ಕಪ್ಪು ಲಿಂಗ ನೋಡಿ ಅಧಿಕಾರಿಗೆ ಏನೂ ತಿಳಿಯಲಿಲ್ಲ. ನನಗೂ ವಿವರಿಸಲು ಬರಲಿಲ್ಲ. ‘ಶಿವ, ಮಿ ಸೋನ್’ ಅಂದೆ. ‘ಓ, ಮಿ ಸೋನ್’ ಅಂದ, ಎರಡೂ ಕೈಯಲ್ಲಿ ಹಿಡಿದು ವಾಪಸ್ ಕೊಟ್ಟ.

ನಮ್ಮೂರಿನ ಬಗ್ಗೆ ಒಂದು ಮಾತು ಹೇಳಿ ಮುಗಿಸುವ ಕಡೆ ಬರುತ್ತೇನೆ. ಹೋಗುವ ಮುಂಚೆ ಎಷ್ಟು ಜನ ಅವ್ವನ ಹತ್ತಿರ ಬಂದು ‘ಹೆಣ್ಣುಮಗಳನ್ನ ಒಬ್ಬಾಕೀನ ಹೆಂಗ ಕಳಸ್ತೀರಿ’ ಅಂದರು ಅಂತ ಎಣಿಸಿದ್ದೇನೆ. ಹದಿನಾಲ್ಕು. ಅಕ್ಕಮಹಾದೇವಿ ಶ್ರೀಶೈಲದ ಕದಳಿಗೆ ಯಾರ ಜೊತೆ ಹೋದಳು? ಆಕೆಯ ಹೆಸರನ್ನು ವಿಶ್ವವಿದ್ಯಾಲಯಕ್ಕೆ ಇಟ್ಟ ಊರು ನಮ್ಮದು. ಆ ಹೆಸರಿನ ಗೇಟಿನ ಮುಂದೆ ಇಳಿದ ಹುಡುಗಿ ಸೊಲ್ಲಾಪುರಕ್ಕೆ ಒಬ್ಬಳೇ ಹೋಗಿ ಬರುತ್ತೇನೆ ಅಂದರೆ ಮನೆಯಲ್ಲಿ ಮೂರು ದಿನ ಪಂಚಾಯಿತಿ. ನಗಬೇಡಿ, ನಕ್ಕವರ ಮನೆಯಲ್ಲೂ ನಡೆಯುತ್ತದೆ.

ಅವ್ವ ಆ ಹದಿನಾಲ್ಕು ಜನರಿಗೂ ಉತ್ತರ ಕೊಡಲಿಲ್ಲ. ರೊಟ್ಟಿ ಬಡಿಯುತ್ತ ಕೂತಿದ್ದಳು. ನಾನು ಬಂದ ಮೇಲೂ ಜಾಸ್ತಿ ಏನೂ ವಿಚಾರಿಸಲಿಲ್ಲ. ಒಂದು ಮಧ್ಯಾಹ್ನ ಫೋಟೋ ತೋರಿಸು ಅಂದಳು. ಸಾವಿರದ ಮುನ್ನೂರು ಫೋಟೋ ಇದ್ದವು. ಅಂಗ್ಕೋರ್ ವಾಟ್ ಬಂತು, ‘ಹೂಂ’ ಅಂದಳು. ಸಮುದ್ರ ಬಂತು, ‘ಹೂಂ’. ದೋಣಿಯ ಫೋಟೋ ಬಂದಾಗ ನನ್ನ ಬೆರಳು ಹಿಡಿದು ನಿಲ್ಲಿಸಿದಳು. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದಳು. ಕಂಬ ಹಿಡಿದ ಕೈ, ಆಚೆ ಕ್ರೇನು.

“ಅಕೀ ಊರೂ ಮುಳಗತೈತೇನ?”

ಗೊತ್ತಿಲ್ಲ ಅಂದೆ.

“ಹೊಲಕ್ಕ ಎಷ್ಟ ಕೊಟ್ಟಾರಂತ?”

95 ದಿನ ನಾಲ್ಕು ದೇಶದಲ್ಲಿ ದಾರಿ ಕೇಳಿದ್ದೆ, ನೀರು ಕೇಳಿದ್ದೆ, ಮಲಗಲು ಜಾಗ ಕೇಳಿದ್ದೆ, ಚಟ್ನಿಯಲ್ಲಿ ಏನಿದೆ ಅಂತ ಕೂಡ ಕೇಳಿದ್ದೆ. ಅಜ್ಜಿಯ ಪಕ್ಕ ಐದು ತಾಸು ಕೂತಿದ್ದೆ, ಫೋನಿನಲ್ಲಿ ಅನುವಾದವೂ ಇತ್ತು. ಅದೊಂದನ್ನು ಮಾತ್ರ ಕೇಳಿರಲಿಲ್ಲ.

ಅವ್ವ ಕನ್ನಡಕ ತೆಗೆದು, “ಮುಂದಿಂದು ತೋರ್ಸು” ಅಂದಳು.